ತಂತಿ ಕಚೇರಿಯವರು ಇರುವಾಗಲೇ ಅವರ ಮಾತು ದಾಖಲಿಸಿ: ಕೇಂದ್ರ ಸಂಪರ್ಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಿಮ್ಮ ಇಲಾಖೆಯಲ್ಲಿ 38 ವರ್ಷ ದುಡಿದ ಒಬ್ಬರು ಈಚೆಗೆ ತೀರಿಕೊಂಡರು. ಅವರು ನನ್ನ ಸೋದರಮಾವ. 1962ರಲ್ಲಿ ಟೆಲಿಗ್ರಾಫಿಸ್ಟ್ ಆಗಿ ಸೇರಿದರು, ಆಮೇಲೆ ಟೆಲಿಗ್ರಾಫ್ ಮಾಸ್ಟರ್ ಆದರು. ಕೊನೆಗೆ ಒಂದು ತಂತಿ (ಅಂದರೆ ಟೆಲಿಗ್ರಾಂ) ಕಚೇರಿಯ ಪೂರ್ತಿ ಹೊಣೆ ಹೊತ್ತು 2000ದಲ್ಲಿ ನಿವೃತ್ತರಾದರು. ಊರಿನವರ ಬಾಯಲ್ಲಿ ಅವರು ಯಾವಾಗಲೂ ತಾರ್ ಆಫೀಸಿನ ಮ್ಯಾನೇಜರ್ರು. 84 ವರ್ಷ ಆಗಿತ್ತು. ಕಾಯಿಲೆ ಜಾಸ್ತಿ ದಿನ ಎಳೆಯಲಿಲ್ಲ. ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ, ಅತ್ತೆಗೆ ಅದು ಇಷ್ಟವಿಲ್ಲ.

ಅವರಿಗೆ ಏನಾದರೂ ಮಾಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅವರ ಜೊತೆಯವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅಕ್ಷರಗಳನ್ನು ಚುಕ್ಕೆ ಗೆರೆಗಳಾಗಿ ಕಳಿಸುವ ಮೋರ್ಸ್ ಸಂಕೇತ ಕಲಿತು, ಕಿಟಕಿಯ ಹಿಂದೆ ಕೂತು, ಊರಿನ ಸಾವು ನೋವು ಮದುವೆ ಮುಂಜಿಗಳನ್ನೆಲ್ಲ ಕೈಯಾರೆ ದಾಟಿಸಿದವರು. ಹೆಚ್ಚಿನವರು 75 ದಾಟಿದ್ದಾರೆ. ಅವರ ಕೆಲಸದ ನೆನಪನ್ನು ಅವರದೇ ದನಿಯಲ್ಲಿ, ಅವರದೇ ಭಾಷೆಯಲ್ಲಿ ದಾಖಲಿಸಿಕೊಳ್ಳಿ ಎಂದು ಕೇಳುತ್ತಿದ್ದೇನೆ. ನಿಮ್ಮ ಸಚಿವಾಲಯಕ್ಕೆ ಇದು ಸುಲಭದ ಕೆಲಸ. ಹೇಗೆ ಅಂತ ಕೆಳಗೆ ಬರೆದಿದ್ದೇನೆ. ಅದಕ್ಕೂ ಮೊದಲು ಆ ಕೆಲಸ ಎಂಥದ್ದಾಗಿತ್ತು ಎಂದು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ನನ್ನ ಬೇಡಿಕೆ ಸುಮ್ನೆ ಹಳೆಯದರ ಮೇಲಿನ ವ್ಯಾಮೋಹದ ಹಾಗೆ ಕಾಣುತ್ತದೆ.

ಮಾವ ಮೊದಲು ಕಲಿತದ್ದು ಮೋರ್ಸ್. ಸಿನಿಮಾದಲ್ಲಿ ಕೇಳಿಸುವ ಬೀಪ್ ಬೀಪ್ ಸದ್ದು ಅದಲ್ಲ. ನಮ್ಮ ತಂತಿ ಕಚೇರಿಗಳ ಮೇಜಿನ ಮೇಲೆ ಇರುತ್ತಿದ್ದದ್ದು ಸೌಂಡರ್. ಒಂದು ಲೋಹದ ತೋಳು ಕೆಳಗೆ ಬಡಿದಾಗ ಒಂದು ಸದ್ದು, ಮೇಲಕ್ಕೆ ಎದ್ದಾಗ ಇನ್ನೊಂದು ಸದ್ದು. ಎರಡು ಸದ್ದುಗಳ ನಡುವಿನ ಬಿಡುವು ಚಿಕ್ಕದಾದರೆ ಚುಕ್ಕೆ, ಉದ್ದವಾದರೆ ಗೆರೆ. ಒಂದು ಚುಕ್ಕೆ ಅಂದರೆ ಇ, ಒಂದು ಗೆರೆ ಅಂದರೆ ಟಿ. ಮೂರು ಚುಕ್ಕೆ ಎಸ್, ಮೂರು ಗೆರೆ ಓ. ಹೀಗೆ ಬಿಡಿ ಬಿಡಿಯಾಗಿ ಎಣಿಸುತ್ತಾ ಕೂತರೆ ಕೆಲಸ ಸಾಗುವುದಿಲ್ಲ ಅನ್ನುತ್ತಿದ್ದರು ಮಾವ. ಇಡೀ ಪದವೇ ಕಿವಿಗೆ ಬೀಳಬೇಕು. ಕೈ ಬರೆಯುತ್ತಿರುವುದು ಎರಡು ಪದ ಹಿಂದಿನದು, ಕಿವಿ ಕೇಳುತ್ತಿರುವುದು ಈಗಿನದು. ಎರಡೂ ಒಟ್ಟಿಗೆ ನಡೆಯಬೇಕು. ಆ ಕಡೆ ಕೂತು ಕೀಲಿ ಒತ್ತುತ್ತಿರುವವರು ಯಾರು ಎಂಬುದು ಬಡಿತದ ಮೇಲೇ ಗೊತ್ತಾಗುತ್ತಿತ್ತಂತೆ. ಮುಖವನ್ನೇ ನೋಡಿರದ ಎಷ್ಟೋ ಜನ ಸಹೋದ್ಯೋಗಿಗಳನ್ನು ಅವರು ಬರೀ ಕೈಯ ಲಯದಿಂದ ಬಲ್ಲವರಾಗಿದ್ದರು.

80 ದಾಟಿದ ಮೇಲೂ ಮಾವ ಕುರ್ಚಿಯ ಕೈ ಮೇಲೆ ಬಡಿದು ತೋರಿಸುತ್ತಿದ್ದರು. ಬೆರಳಲ್ಲಿ ಒತ್ತಬಾರದು, ಮಣಿಕಟ್ಟು ಆಡಬೇಕು, ಇಲ್ಲದಿದ್ದರೆ ಒಂದು ತಾಸಿಗೆ ಕೈ ಸೋಲುತ್ತದೆ ಎಂದು ನನ್ನ ಮಗಳ ಕೈ ಹಿಡಿದು ತಿದ್ದುತ್ತಿದ್ದರು. ಅವರ ಕೈ ಆಗ ಬೇರೆ ಎಲ್ಲಕ್ಕೂ ನಡುಗುತ್ತಿತ್ತು. ಕಾಫಿ ಲೋಟ ಹಿಡಿಯಲು ಎರಡೂ ಕೈ ಬೇಕಾಗಿತ್ತು. ಮೋರ್ಸ್ ಬಡಿಯುವಾಗ ಮಾತ್ರ ಚುಕ್ಕೆಗೂ ಗೆರೆಗೂ ಇರಬೇಕಾದ ಅಳತೆ ಒಂದಿಷ್ಟೂ ತಪ್ಪುತ್ತಿರಲಿಲ್ಲ. ನಾನು ಅದನ್ನು ಫೋನಿನಲ್ಲಿ ಒಂದಷ್ಟು ಹಿಡಿದಿಟ್ಟಿದ್ದೇನೆ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಈ ಪತ್ರದಲ್ಲಿರುವ ಬಹಳಷ್ಟು ಬಂದದ್ದು ಆ ನೋಟ್‌ಬುಕ್ಕಿನಿಂದ.

ಕಿಟಕಿಯ ಕೆಲಸ ಇನ್ನೊಂದು. ಇಂಗ್ಲಿಷ್ ಬಾರದವರೇ ಜಾಸ್ತಿ ಬರುತ್ತಿದ್ದರು. ಮನೆಯಲ್ಲಿ ನಡೆದದ್ದನ್ನೆಲ್ಲ ಅಲ್ಲಿ ನಿಂತು ಹೇಳಿಕೊಳ್ಳುತ್ತಿದ್ದರು. ಅಮ್ಮ ಎರಡು ದಿನದಿಂದ ಊಟ ಬಿಟ್ಟಿದ್ದಾರೆ, ಮಗನ ಹೆಸರು ಹಿಡಿದು ಕರೆಯುತ್ತಿದ್ದಾರೆ, ಡಾಕ್ಟರು ಏನೂ ಹೇಳುತ್ತಿಲ್ಲ. ಮಾವ ಪೂರ್ತಿ ಕೇಳಿಸಿಕೊಂಡು ಅದನ್ನು ನಾಲ್ಕೈದು ಪದಕ್ಕೆ ಇಳಿಸಬೇಕು. 'ಮದರ್ ಸೀರಿಯಸ್ ಸ್ಟಾರ್ಟ್ ಇಮೀಡಿಯೆಟ್ಲಿ.' ಪದ ಹೆಚ್ಚಾದಷ್ಟೂ ದುಡ್ಡು ಹೆಚ್ಚು. ಬೇಗ ಮುಟ್ಟಬೇಕಾದ ಎಕ್ಸ್‌ಪ್ರೆಸ್ ತಂತಿ ಆದರೆ ಇನ್ನೂ ಜಾಸ್ತಿ. ಬಂದವರ ಜೇಬಿನಲ್ಲಿ ಎಷ್ಟಿದೆ ಎಂದು ನೋಡಿಯೇ ಪದ ಇಡಬೇಕಾಗುತ್ತಿತ್ತು. ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಹೇಳಿ, ಸರಿ ಅಂತ ಅವರ ಬಾಯಲ್ಲಿ ಬಂದ ಮೇಲೇ ಫಾರಂ ಒಳಗೆ ತೆಗೆದುಕೊಳ್ಳುತ್ತಿದ್ದರು. ಮದುವೆಯ ದಿನಗಳಲ್ಲಿ ಕೆಲಸ ಹಗುರ. ಶುಭಾಶಯದ ವಾಕ್ಯಗಳಿಗೆ ಇಲಾಖೆಯೇ ನಂಬರ್ ಕೊಟ್ಟಿತ್ತು. ಸುಖವಾಗಿ ಬಹುಕಾಲ ಬಾಳಿ ಎಂದು ಮದುಮಕ್ಕಳಿಗೆ ಹಾರೈಸಬೇಕಾದರೆ ನಂಬರ್ 8. ತಂತಿಯಲ್ಲಿ ಹೋಗುತ್ತಿದ್ದದ್ದು ನಂಬರ್ ಮಾತ್ರ. ಆ ಕಡೆ ಅದನ್ನು ನೋಡಿ ವಾಕ್ಯ ತುಂಬುತ್ತಿದ್ದರು.

ಪ್ರತಿ ತಂತಿಯ ತಲೆಯಲ್ಲಿ ಒಟ್ಟು ಎಷ್ಟು ಪದ ಎಂಬ ಲೆಕ್ಕ ಮೊದಲು ಬರುತ್ತದೆ. ಬರೆದುಕೊಂಡವರು ಎಣಿಸಿ ತಾಳೆ ನೋಡಬೇಕು. ಒಂದು ಪದ ಕಡಿಮೆ ಬಿದ್ದರೂ ಮತ್ತೆ ಕೇಳಿ ಬರೆದುಕೊಳ್ಳಬೇಕು. ಇಂಗ್ಲಿಷಿನ 'ನಾಟ್' ಒಂದು ಬಿಟ್ಟುಹೋದರೆ ಸಾಕು, ಹೊರಡಬೇಡ ಎಂದು ಹೇಳಿಕಳಿಸಿದ್ದು ಹೊರಡು ಎಂದಾಗಿ ಮುಟ್ಟುತ್ತದೆ. ಯಾರೋ ರಜೆ ಹಾಕಿ, ಸಾಲ ಮಾಡಿ, ರೈಲು ಹತ್ತಿ ಬಂದೇಬಿಡುತ್ತಾರೆ. ಕಚೇರಿಯ ಹೊಣೆ ಬಂದ ಮೇಲೆ ಮಾವ ಹೊಸ ಹುಡುಗರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತಿದ್ದದ್ದು ಈ ಎಣಿಕೆಯನ್ನೇ. ಆಮೇಲೆ ಟೆಲಿಪ್ರಿಂಟರ್ ಬಂತು. ಅಚ್ಚಾಗಿ ಬರುವ ಪಟ್ಟಿಯನ್ನು ಕತ್ತರಿಸಿ ಫಾರಂ ಮೇಲೆ ಅಂಟಿಸುವ ಕೆಲಸ. ಆಗಲೂ ಎಣಿಸುವುದನ್ನು ಅವರು ಬಿಡಿಸಲಿಲ್ಲ.

ಅವರ ನೌಕರಿಯ ದೊಡ್ಡ ಪಾಲು ಕಳೆದದ್ದು ಕೊಡಗು, ಹಾಸನ, ಶಿವಮೊಗ್ಗ ಜಿಲ್ಲೆಗಳಲ್ಲಿ. ಮಳೆಗಾಲ ಬಂತೆಂದರೆ ಮರ ಬಿದ್ದು ತಂತಿ ತುಂಡಾಗುವುದು ಮಾಮೂಲು. ಲೈನ್‌ಮನ್‌ಗಳು ಕಂಬಳಿ ಹೊದ್ದು ಕಾಡಿನೊಳಗೆ ಹೋಗಿ ತುಂಡಾದ ಜಾಗ ಹುಡುಕಬೇಕು. ಅಲ್ಲಿಯವರೆಗೆ ಟೆಲಿಗ್ರಾಂಗಳನ್ನು ಸುತ್ತಿ ಬಳಸಿ ಬೇರೆ ಊರಿನ ಮೂಲಕ ದಾಟಿಸಬೇಕು. ಈ ಕಡೆ ಮೈಸೂರು ಸಿಗದಿದ್ದರೆ ಆ ಕಡೆ ಮಂಗಳೂರು. ಯಾವ ದಾರಿಯೂ ಇಲ್ಲದಿದ್ದರೆ ಅಂಚೆಯ ಚೀಲದಲ್ಲಿ. ಜನರಿಗೆ ಇದು ಯಾವುದೂ ಗೊತ್ತಾಗುತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ತಂತಿ ಕೊಟ್ಟರೆ ಮುಟ್ಟುತ್ತದೆ ಎಂಬುದು ಒಂದೇ.

ಇನ್ನು ಗುಟ್ಟಿನ ಮಾತು. 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ತಂತಿಯ ಒಳಗಿನ ವಿಷಯ ಬಾಯಿಬಿಟ್ಟ ನೌಕರನಿಗೆ 3 ವರ್ಷದವರೆಗೆ ಜೈಲು ಇತ್ತು. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಆ ಹಳೆಯ ಕಾಯ್ದೆಯ ಕಾಲ ಮುಗಿಯಿತು. ಮಾವ ಮಾತ್ರ ಕಡೆಯವರೆಗೂ ಅದನ್ನು ಬಿಡಲಿಲ್ಲ. ನಿವೃತ್ತರಾಗಿ 20 ವರ್ಷ ಆದ ಮೇಲೂ ಯಾರ ಮನೆಗೆ ಏನು ತಂತಿ ಬಂದಿತ್ತು ಎಂದು ಕೇಳಿದರೆ ಹೇಳುತ್ತಿರಲಿಲ್ಲ. 'ಅದು ಅವರ ಮಾತು ಕಣೋ' ಅಂದು ಬೇರೆ ವಿಷಯಕ್ಕೆ ಹೋಗುತ್ತಿದ್ದರು. ಯಾವ ಮನೆಯ ಮಗ ಫೇಲಾದ, ಯಾರ ಮಗಳು ಮನೆ ಬಿಟ್ಟು ಹೋದಳು, ಯಾವ ವ್ಯಾಪಾರಿ ದಿವಾಳಿ ಎದ್ದ, ಎಲ್ಲವೂ ಊರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಮರುದಿನ ಅದೇ ಜನ ಬೀದಿಯಲ್ಲಿ ಎದುರಾಗುತ್ತಿದ್ದರು. ಏನೂ ಗೊತ್ತಿಲ್ಲದವರ ಹಾಗೆ ನಡೆದುಕೊಳ್ಳಬೇಕು. ಸಣ್ಣ ಊರಿನಲ್ಲಿ ಇದು ಎಷ್ಟು ಕಷ್ಟ ಎಂಬುದು ಸಣ್ಣ ಊರಿನಲ್ಲಿ ಬಾಳಿದವರಿಗೆ ಗೊತ್ತು, ಅಲ್ವಾ?

ಹಾಗಾಗಿ ತಂತಿಯವರನ್ನು ಮಾತಾಡಿಸಿ ಎಂದಾಗ ಅವರ ಹತ್ತಿರ ಇರುವ ಬೇರೆಯವರ ಗುಟ್ಟು ಹೊರತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಅವರು ಹೇಳುವುದೂ ಇಲ್ಲ. ಕೇಳಬೇಕಾದದ್ದು ಅವರು ಕೆಲಸ ಮಾಡಿದ ರೀತಿಯನ್ನು.

ಅದರ ಒಂದು ಉದಾಹರಣೆ ನಮಗೆ ಸಿಕ್ಕಿದ್ದು ಮಾವ ಹೋದ ದಿನವೇ. ಮಧ್ಯಾಹ್ನದ ಹೊತ್ತಿಗೆ ಒಬ್ಬ ವಯಸ್ಸಾದವರು ಬಂದರು. ನಮಗೆ ಗುರುತು ಸಿಗಲಿಲ್ಲ. ಮಾವನ ಕಚೇರಿಯಲ್ಲಿ ತಂತಿ ಹಂಚುವ ಮೆಸೆಂಜರ್ ಆಗಿದ್ದವರು. ಸುದ್ದಿ ಯಾರದೋ ವಾಟ್ಸಾಪ್‌ನಲ್ಲಿ ನೋಡಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಸಾವಿನ ತಂತಿಯ ತಲೆಯಲ್ಲಿ ಎರಡು ಎಕ್ಸ್ ಗುರುತು ಇರುತ್ತಿತ್ತು, ಬೇರೆ ತಂತಿಗಳನ್ನು ಬದಿಗಿಟ್ಟು ಅದನ್ನು ಮೊದಲು ಕಳಿಸಬೇಕಿತ್ತು. ಅದು ನಮಗೂ ಗೊತ್ತಿತ್ತು. ಅವರು ಹೇಳಿದ್ದು ಅದರ ಮುಂದಿನದನ್ನು.

'ಎಕ್ಸ್ ಎಕ್ಸ್ ಬಂದ್ರೆ ಸಾಹೇಬ್ರು ಕವರು ನನ್ನ ಕೈಗೆ ಕೊಡೋ ಮೊದ್ಲು ಆ ಮನೇಲಿ ಯಾರ್ಯಾರು ಇದ್ದಾರೆ ಅಂತ ಕೇಳೋರು. ವಯಸ್ಸಾದೋರು ಒಬ್ಬರೇ ಇದ್ರೆ, ಮೊದ್ಲು ಪಕ್ಕದ ಮನೆಯೋರನ್ನ ಕರಿ, ವಿಷಯ ಹೇಳ್ಬೇಡ, ಸುಮ್ನೆ ಬಂದು ನಿಂತ್ಕೊಳ್ಳೋಕೆ ಹೇಳು ಅನ್ನೋರು. ಓದೋಕೆ ಬರದವರಾದ್ರೆ ನೀನೇ ಕೂತ್ಕೊಂಡು ಓದು, ನಿಂತ್ಕೊಂಡು ಓದ್ಬೇಡ ಅನ್ನೋರು. ವಾಪಸ್ ಬರೋದು ತಡ ಆದ್ರೆ ಒಂದು ದಿನವೂ ಕೇಳ್ಲಿಲ್ಲ.'

ಅವರು ಹೇಳುವಾಗ ಅತ್ತೆ ಅಲ್ಲೇ ಕೂತಿದ್ದರು. ಅವರಿಗೂ ಇದು ಹೊಸ ವಿಷಯ. ಮದುವೆಯಾಗಿ 55 ವರ್ಷ ಆಗಿತ್ತು.

1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ ಮಾವ ಕೊಡಗಿನಲ್ಲಿದ್ದರು. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಮನೆಗಳು ಅಲ್ಲಿ ಎಷ್ಟಿವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ತಂತಿಯ ಸೈಕಲ್ ಒಂದು ಓಣಿಗೆ ತಿರುಗಿದರೆ ಇಡೀ ಓಣಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತಂತೆ. ಕೆಲವು ತಂತಿಗಳನ್ನು ಮಾವ ಮೆಸೆಂಜರ್ ಜೊತೆ ತಾವೇ ಹೋಗಿ ಕೊಟ್ಟರು ಎಂದಷ್ಟೇ ನನಗೆ ಹೇಳಿದ್ದರು. ಯಾವ ಮನೆ, ಏನಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಡ್ಯೂಟಿ ಮುಗಿದ ಮೇಲೆ ಹೋಗುತ್ತಿದ್ದೆ ಎಂಬುದನ್ನು ಮಾತ್ರ ಎರಡು ಸಲ ಒತ್ತಿ ಹೇಳಿದರು. ಕಚೇರಿ ಬಿಟ್ಟು ಹೋದ ಎಂದು ಯಾರೂ ಅಂದುಕೊಳ್ಳಬಾರದು ಎಂಬುದು ಅವರ ಕಾಳಜಿ.

ಪಕ್ಕದ ಮನೆಯವರನ್ನು ಕರೆ, ಕೂತು ಓದು ಎಂಬ ಮಾತೆಲ್ಲ ಇಲಾಖೆಯ ಯಾವ ಸುತ್ತೋಲೆಯಿಂದ ಬಂದದ್ದೂ ಅಲ್ಲ. ಮಾವ ಒಬ್ಬರೇ ಹೀಗಿದ್ದರು ಎಂದು ನಾನು ನಂಬುವುದಿಲ್ಲ. ಅಂಥವರು ಎಷ್ಟೋ ಕಚೇರಿಗಳಲ್ಲಿ ಇದ್ದಿರಬೇಕು. 1985ರ ಸುಮಾರಿಗೆ ದೇಶದ 45,000 ತಂತಿ ಕಚೇರಿಗಳಿಂದ ವರ್ಷಕ್ಕೆ 6 ಕೋಟಿ ತಂತಿಗಳು ಓಡಾಡುತ್ತಿದ್ದವು ಎಂದು 2013ರಲ್ಲಿ ಸೇವೆ ನಿಲ್ಲುವ ಹೊತ್ತಿಗೆ ಪತ್ರಿಕೆಗಳು ಬರೆದವು. ಅಷ್ಟು ತಂತಿಗಳನ್ನು ಕೈ ಬದಲಿಸಿ ಮುಟ್ಟಿಸಿದ ಜನ ಏನೇನು ರೂಢಿ ಮಾಡಿಕೊಂಡಿದ್ದರು, ಯಾವ ಊರಿನಲ್ಲಿ ಹೇಗೆ ನಡೆದುಕೊಂಡರು ಎಂಬುದು ಎಲ್ಲಿ ಸಿಗುತ್ತದೆ? ತಂತಿಯ ಫಾರಂಗಳನ್ನು ನಿಗದಿ ಮಾಡಿದ ಅವಧಿಯವರೆಗೆ ಇಟ್ಟು ಆಮೇಲೆ ನಾಶ ಮಾಡುತ್ತಿದ್ದರು. ಗುಟ್ಟು ಕಾಯುವ ದೃಷ್ಟಿಯಿಂದ ಅದು ಸರಿಯೇ. ಹಾಗಾಗಿ ಉಳಿದಿರುವುದು ಆ ಜನರ ನೆನಪು ಮಾತ್ರ. ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ತಂತಿಗೆ ಈಗ ವಾರಸುದಾರರೂ ಇಲ್ಲ. ಮಾವ ಸೇರಿದಾಗ ಅದು ಅಂಚೆ ಮತ್ತು ತಂತಿ ಇಲಾಖೆ. 1985ರಲ್ಲಿ ಎರಡಾಯಿತು. ಅಂಚೆಯವರು ಒಂದು ಕಡೆ ಹೋದರು, ತಂತಿಯವರು ಟೆಲಿಫೋನಿನ ಜೊತೆ ದೂರಸಂಪರ್ಕಕ್ಕೆ ಹೋದರು. ದೂರದ ಊರಿಗೆ ಫೋನ್ ಮಾಡುವ ಎಸ್‌ಟಿಡಿ ಬೂತು ಬೀದಿ ಬೀದಿಗೆ ಬಂದ ಮೇಲೆ ದೂರಸಂಪರ್ಕದ ಗಮನವೆಲ್ಲ ಫೋನಿನ ಮೇಲೆ. 2000ದ ಅಕ್ಟೋಬರ್ 1ರಿಂದ ಕೆಲಸವೆಲ್ಲ ಬಿಎಸ್‌ಎನ್‌ಎಲ್ ಕೈಗೆ ಹೋಯಿತು. ಮಾವ ಅದಕ್ಕೆ ಕೆಲವು ತಿಂಗಳ ಮೊದಲು ನಿವೃತ್ತರಾದರು. ಅಂಚೆಗೆ ತನ್ನ ಸ್ಟಾಂಪು, ತನ್ನ ಸಂಗ್ರಹಾಲಯ ಇದೆ. ಫೋನಿನ ಬಗ್ಗೆ ಮಾತಾಡಲು ದೊಡ್ಡ ದೊಡ್ಡ ಕಂಪನಿಗಳಿವೆ. ನಡುವೆ ಬಿದ್ದುಹೋದದ್ದು ತಂತಿ. ಆದರೆ ಅಂಚೆಯೂ ದೂರಸಂಪರ್ಕವೂ ಇವತ್ತಿಗೂ ಒಂದೇ ಸಚಿವಾಲಯದ ಕೆಳಗೆ ಇವೆ, ಅಂದರೆ ನಿಮ್ಮ ಕೆಳಗೆ. ಅದಕ್ಕೇ ಈ ಪತ್ರವನ್ನು ನಿಮಗೇ ಬರೆಯುತ್ತಿರುವುದು.

2011ರಲ್ಲಿ ದರ ಏರಿಸಿ 50 ಪದಕ್ಕೆ 27 ರೂಪಾಯಿ ಮಾಡಿದರು. 2013ರ ಜುಲೈ 14, ಭಾನುವಾರ, ಕೊನೆಯ ದಿನ. ಅಷ್ಟು ಹೊತ್ತಿಗೆ ದೇಶದಲ್ಲಿ ಉಳಿದಿದ್ದದ್ದು 75 ತಂತಿ ಕೇಂದ್ರಗಳು, ಸುಮಾರು 1,000 ನೌಕರರು. ಜನ ಸಾಲುಗಟ್ಟಿ ನಿಂತು ತಮ್ಮ ಕೊನೆಯ ತಂತಿ ಕಳಿಸಿದ್ದನ್ನು ಟಿವಿಗಳು ತೋರಿಸಿದವು. ಮಾವ ಅದನ್ನು ನೋಡಿದರು. ಆ 1,000 ಜನರನ್ನು ಯಾವ ಸೀಟಿಗೆ ಹಾಕುತ್ತಾರೆ, ಅವರಿಗೆ ಹೊಸ ಕೆಲಸ ಕಲಿಸುತ್ತಾರಾ ಎಂದು ಮರುದಿನದ ಪೇಪರಿನಲ್ಲಿ ಹುಡುಕಿದರು. ಅಂಥದ್ದು ಅವರ ಕಣ್ಣಿಗೆ ಬೀಳಲಿಲ್ಲ. ಸೇವೆ ನಿಲ್ಲಿಸಿದ್ದು ತಪ್ಪು ಎಂದು ಅವರು ಯಾವತ್ತೂ ಹೇಳಿದವರಲ್ಲ. ಎಸ್‌ಎಂಎಸ್ ಬಂದ ಮೇಲೆ ಯಾರು ತಂತಿ ಕೊಡುತ್ತಾರೆ ಎಂದು ಅವರೇ ಹೇಳುತ್ತಿದ್ದರು. ನನ್ನ ದೂರೂ ಅದಲ್ಲ. ಸೇವೆ ನಿಂತದ್ದು ಸರಿ, ಅದನ್ನು ನಡೆಸಿದವರನ್ನು ಆಗಲೇ ಕೂರಿಸಿ ಒಂದು ಮಾತು ಕೇಳಬೇಕಿತ್ತು.

ಮಾವ ಹೋದ ಮೇಲೆ ನಡೆದದ್ದನ್ನೂ ಹೇಳುತ್ತೇನೆ. ಅವರ ಬಗ್ಗೆ ಎರಡು ಪುಟ ಬರೆದು ನೆಂಟರಿಗೆ, ಹಳೆಯ ಸ್ನೇಹಿತರಿಗೆ ಕೊಡೋಣ ಎಂದುಕೊಂಡೆವು. ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಊರಿನಲ್ಲಿ ಇದ್ದರು ಎಂಬುದು ಅತ್ತೆಗೆ ಪೂರ್ತಿ ನೆನಪಿಲ್ಲ. ಒಂದು ಕಚೇರಿಗೆ ಹೋಗಿ ಕೇಳಿದೆವು. ಯಾವ ಕಚೇರಿ ಎಂಬುದು ಮುಖ್ಯವಲ್ಲ, ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. ಹಳೆಯ ಕಡತಗಳು ಇಲ್ಲ ಅಂದರು. ಕಂಪ್ಯೂಟರಿನಲ್ಲಿ ನೋಡಿ ಪಿಪಿಓ, ಅಂದರೆ ಪಿಂಚಣಿ ಆದೇಶದ ನಂಬರ್ ಹೇಳಿದರು, ಪಿಂಚಣಿಯ ಮೊತ್ತ ಹೇಳಿದರು, 80 ತುಂಬಿದ ಮೇಲೆ ಶೇಕಡಾ 20 ಹೆಚ್ಚಿಗೆ ಸೇರಿದ್ದನ್ನು ಹೇಳಿದರು. ಅಷ್ಟೇ. 38 ವರ್ಷ ದುಡಿದವರ ಬಗ್ಗೆ ಅಲ್ಲಿ ಉಳಿದಿದ್ದದ್ದು ಒಂದು ಪಿಂಚಣಿಯ ನಂಬರ್. ಅತ್ತೆಯ ಕುಟುಂಬ ಪಿಂಚಣಿಯದು ಬೇರೆ ಕತೆ. ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲಿ ಬೇರೆ, ಹಳೆಯ ಕಾಗದದಲ್ಲಿ ಬೇರೆ ಇದ್ದ ಕಾರಣಕ್ಕೆ ಅದು ತಡವಾಯಿತು. ಈಗ ಬರುತ್ತಿದೆ.

ಇನ್ನು ಬೇಡಿಕೆಗೆ ಬರುತ್ತೇನೆ.

ಪಿಂಚಣಿದಾರರು ಪ್ರತಿ ವರ್ಷ ನವೆಂಬರ್‌ನಲ್ಲಿ ಜೀವನ ಪ್ರಮಾಣ ಕೊಡಬೇಕು. ಬದುಕಿದ್ದೇವೆ ಎಂದು ಸರ್ಕಾರಕ್ಕೆ ತಿಳಿಸುವ ಕಾಗದ ಅದು. ನಡೆಯಲಾಗದವರ ಮನೆಗೆ ಪೋಸ್ಟ್‌ಮನ್ ಬಂದು ಬೆರಳಚ್ಚು ತೆಗೆದುಕೊಂಡು ಹೋಗುವ ಏರ್ಪಾಟನ್ನು ಅಂಚೆ ಪೇಮೆಂಟ್ಸ್ ಬ್ಯಾಂಕ್ ಮಾಡಿದೆ. ಮಾವನಿಗೂ ಕೊನೆಯ ವರ್ಷಗಳಲ್ಲಿ ಅದರಿಂದ ಬಹಳ ಉಪಕಾರವಾಯಿತು. ನಿಮ್ಮ ದೂರಸಂಪರ್ಕ ಇಲಾಖೆಯ ಪಿಂಚಣಿಗೆ 2018ರ ಕೊನೆಯಲ್ಲಿ ಶುರುವಾದ 'ಸಂಪನ್ನ್' ವ್ಯವಸ್ಥೆ ಇದೆ. ಯಾರು ತಂತಿ ವಿಭಾಗದಿಂದ ನಿವೃತ್ತರಾದವರು ಎಂದು ಪಿಂಚಣಿಯ ಕಾಗದದಲ್ಲಿರುವ ಹುದ್ದೆಯ ಹೆಸರು ನೋಡಿ ಪಟ್ಟಿ ಮಾಡಿಕೊಳ್ಳಬಹುದು. ಬರುವ ನವೆಂಬರ್‌ನಲ್ಲಿ ಆ ಪಟ್ಟಿಯವರಿಗೆ ಒಂದೇ ಒಂದು ಪ್ರಶ್ನೆ ಸೇರಿಸಿ ಕೇಳಿ: ನಿಮ್ಮ ಕೆಲಸದ ಬಗ್ಗೆ ಮಾತಾಡಲು ಇಷ್ಟವಿದೆಯೇ? ಹೌದು ಅಂದವರ ಮನೆಗೆ ಆಮೇಲೆ ಒಬ್ಬರು ಹೋಗಿ ಕೂತು ಕೇಳಿಸಿಕೊಂಡರಾಯಿತು. ಹೊಸ ಇಲಾಖೆ ಬೇಡ, ಹೊಸ ಕಟ್ಟಡವೂ ಬೇಡ.

ಹೋಗುವವರು ಆ ಊರಿನ ಭಾಷೆ ಬಲ್ಲವರಾಗಿರಲಿ. ಇದು ಮುಖ್ಯ. ಕಚೇರಿಯ ಇಂಗ್ಲಿಷಿನಲ್ಲಿ ಕೇಳಿದರೆ ಕಚೇರಿಯ ಉತ್ತರವೇ ಬರುತ್ತದೆ. ಸೇರಿದ ವರ್ಷ, ಬಡ್ತಿಯ ವರ್ಷ, ಅಷ್ಟಕ್ಕೇ ಮುಗಿಯುತ್ತದೆ. ಮಾವನ ಬಾಯಿಂದ ಒಂದು ಒಳ್ಳೆಯ ಮಾತು ಬರಬೇಕಾದರೆ ಮೊದಲು ಮಳೆ ಬೆಳೆಯ ವಿಷಯ ಆಗಬೇಕಿತ್ತು. ಆಮೇಲೆ ತಾವಾಗಿಯೇ ಶುರು ಮಾಡುತ್ತಿದ್ದರು. ಮಡಿಕೇರಿ, ಹಾಸನ, ಭದ್ರಾವತಿ, ಮೈಸೂರಿನಲ್ಲಿ ಆಕಾಶವಾಣಿ ಕೇಂದ್ರಗಳಿವೆ. ವಯಸ್ಸಾದವರನ್ನು ಮಾತಾಡಿಸಿ ರೂಢಿಯಿರುವ ಜನ ಅಲ್ಲಿದ್ದಾರೆ. ಅದು ನಿಮ್ಮ ಸಚಿವಾಲಯಕ್ಕೆ ಸೇರಿದ್ದಲ್ಲ, ನಿಜ. ಆದರೆ ಸಚಿವರೊಬ್ಬರು ಇನ್ನೊಬ್ಬ ಸಚಿವರಿಗೆ ಕಾಗದ ಬರೆದರೆ ಆಗದ ಕೆಲಸವಲ್ಲ ಇದು.

ಅಧಿಕಾರಿಗಳನ್ನು ಮಾತ್ರ ಮಾತಾಡಿಸಿ ಮುಗಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ನಮ್ಮ ಮನೆಗೆ ಬಂದ ಆ ಮೆಸೆಂಜರ್, ಕಾಡಿನಲ್ಲಿ ತಂತಿ ಹುಡುಕಿದ ಲೈನ್‌ಮನ್, ರಾತ್ರಿ ಪಾಳಿಯಲ್ಲಿ ಟೆಲಿಪ್ರಿಂಟರ್ ಮುಂದೆ ಕೂತ ಹೆಣ್ಣುಮಕ್ಕಳು, ಇವರೆಲ್ಲ ಮಾತಾಡಲಿ. ಚುನಾವಣೆಯ ಫಲಿತಾಂಶವನ್ನು ಪ್ರೆಸ್ ತಂತಿಯಲ್ಲಿ ಕಳಿಸಲು ಕಿಟಕಿಯ ಮುಂದೆ ಕಾದು ನಿಲ್ಲುತ್ತಿದ್ದ ಊರಿನ ವರದಿಗಾರರು, ಊರಿನಿಂದ ಬಂದ ತಂತಿ ತೋರಿಸಿ ರಜೆ ಪಡೆದು ಮನೆಗೆ ಬಂದ ಸೈನಿಕರೂ ಇದ್ದಾರೆ. ಕಿಟಕಿಯ ಆಚೆ ನಿಂತವರ ನೆನಪೂ ಸೇರಿದರೆ ದಾಖಲೆ ಪೂರ್ತಿಯಾಗುತ್ತದೆ.

ದೆಹಲಿಯ ಕಾಶ್ಮೀರಿ ಗೇಟ್ ಹತ್ತಿರ ಒಂದು ಟೆಲಿಗ್ರಾಫ್ ಸ್ಮಾರಕವಿದೆ. 1857ರ ಮೇ 11ರಂದು ದೆಹಲಿಯಿಂದ ಅಂಬಾಲಕ್ಕೆ ದಂಗೆಯ ಸುದ್ದಿ ಮುಟ್ಟಿಸಿದ ತಂತಿ ಸಿಬ್ಬಂದಿಯ ನೆನಪಿಗೆ ಬ್ರಿಟಿಷರು 1902ರಲ್ಲಿ ನಿಲ್ಲಿಸಿದ ಕಲ್ಲುಕಂಬ ಅದು. ತಮ್ಮ ಆಳ್ವಿಕೆ ಉಳಿಸಿಕೊಟ್ಟವರನ್ನು ಅವರು ನೆನೆದರು. ಸ್ವತಂತ್ರ ಭಾರತದಲ್ಲಿ ತಾಯಿಯ ಕಾಯಿಲೆಯನ್ನು ಮಗನಿಗೆ, ಮಗನ ಸಾವನ್ನು ತಾಯಿಗೆ ಮುಟ್ಟಿಸಿದವರನ್ನು ನೆನೆಯುವುದು ನಮ್ಮ ಸರ್ಕಾರದ ಕೆಲಸ. ಅದಕ್ಕೆ ಕಂಬ ನಿಲ್ಲಿಸುವುದು ಬೇಡ. ಅವರ ದನಿ ಇದ್ದರೆ ಸಾಕು.

ನಮ್ಮ ಕಡೆಯಿಂದ ಆಗುವುದನ್ನು ನಾವು ಮಾಡುತ್ತೇವೆ. ಮಾವ ಬಡಿದು ತೋರಿಸಿದ ಮೋರ್ಸ್‌ನ ರೆಕಾರ್ಡಿಂಗ್, ನನ್ನ ನೋಟ್‌ಬುಕ್ಕು, ಅವರು ತರಬೇತಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಪುಸ್ತಕ, ಎಲ್ಲವನ್ನೂ ಕೊಡಲು ಅತ್ತೆ ಒಪ್ಪಿದ್ದಾರೆ. ಮಾವನ ಜೊತೆ ಕೆಲಸ ಮಾಡಿದವರಲ್ಲಿ ನಮಗೆ ಗೊತ್ತಿರುವ ಕೆಲವರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಹೆಸರು ವಿಳಾಸದ ಪಟ್ಟಿಯೊಂದನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ. ಅದರಲ್ಲಿ ಮೊದಲ ಹೆಸರಿನವರಿಗೆ 88 ವರ್ಷ. ನೆನಪು ಚೆನ್ನಾಗಿದೆ, ಕಿವಿ ಮಾತ್ರ ಮಂದ. ಬೆಳಗಿನ ಹೊತ್ತು ಹೋಗಬೇಕು, ಸ್ವಲ್ಪ ಜೋರಾಗಿ ಮಾತಾಡಬೇಕು. ನವೆಂಬರ್‌ವರೆಗೆ ಕಾಯದೆ ಅವರ ಹತ್ತಿರ ಮೊದಲು ಯಾರನ್ನಾದರೂ ಕಳಿಸಿಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ತಂತಿ ನೌಕರರೊಬ್ಬರ ಸೋದರಳಿಯ